ಆನರ್ಸ್ ತರಗತಿಯನ್ನು ಕಟ್ಟುವ ಬಗೆ: ಪದವಿ ಕಾಲೇಜಿನ ಅಧ್ಯಾಪಕರಿಗೆ

ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಆನರ್ಸ್ ಎಂಬ ಮಾತಿನ ಅರ್ಥ ಈಚೆಗೆ ಎರಡು ಸಲ ಬದಲಾಗಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಜಾರಿಗೆ ಬಂದಾಗ ಅದು ಪದವಿಗೆ ಸೇರಿಸಿದ ನಾಲ್ಕನೆಯ ವರ್ಷದ ಹೆಸರಾಯಿತು. 2024-25ರಿಂದ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ಅದಕ್ಕೆ ಮೊದಲು ಸೇರಿದ್ದ ಮೂರು ತಂಡಗಳು ಹಿಂದಿನ ಪಠ್ಯಕ್ರಮದಲ್ಲೇ ಮುಂದುವರಿದವು, ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಆನರ್ಸ್ ಉಳಿದುಕೊಂಡಿತು. ಇದಕ್ಕೆಲ್ಲ ಬಹಳ ಹಿಂದೆ, ಎ.ಕೆ. ರಾಮಾನುಜನ್ ಮತ್ತು ಯು.ಆರ್. ಅನಂತಮೂರ್ತಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದುತ್ತಿದ್ದ ಕಾಲಕ್ಕೆ, ಆನರ್ಸ್ ಎಂದರೆ ಒಂದೇ ವಿಷಯವನ್ನು ಕೆಲವೇ ವಿದ್ಯಾರ್ಥಿಗಳು ಆಳವಾಗಿ ಓದುವ ತರಗತಿ.

ನಿಮ್ಮ ಕಾಲೇಜಿನಲ್ಲಿ ನಾಲ್ಕನೆಯ ವರ್ಷ ಇರಲಿ, ಇಲ್ಲದಿರಲಿ, ಕೆಲಸ ಒಂದೇ. ವಿದ್ಯಾರ್ಥಿಯೊಬ್ಬರು ತಮ್ಮದೇ ಆದ ಒಂದು ಪ್ರಶ್ನೆಯನ್ನು ಹಿಡಿದು, ಅದಕ್ಕೆ ಆಧಾರ ಹುಡುಕಿ, ತಮ್ಮನ್ನು ಅರಿಯದವರ ಮುಂದೆ ಅದನ್ನು ಸಮರ್ಥಿಸಿಕೊಳ್ಳುವಷ್ಟು ಬೆಳೆದರೆ ಅವರು ಆನರ್ಸ್ ಓದಿದಂತೆ. ಏಳನೆಯ ಸೆಮಿಸ್ಟರಿನ ಮೊದಲ ದಿನ ಆ ಶಕ್ತಿ ತಾನಾಗಿ ಬಂದುಬಿಡುವುದಿಲ್ಲ. ಮೊದಲ ವರ್ಷದ ಎಪ್ಪತ್ತು ಜನರ ತರಗತಿಯಲ್ಲಿ ನಾವು ಹೇಗೆ ಪಾಠ ಮಾಡುತ್ತೇವೆ ಎಂಬುದರ ಮೇಲೆ ಅದು ನಿಂತಿದೆ. ಆದ್ದರಿಂದ ಈ ಕೈಪಿಡಿಯಲ್ಲಿ ಸಾಮಾನ್ಯ ತರಗತಿಯ ಮಾತು ಮೊದಲು ಬರುತ್ತದೆ, ಆನರ್ಸ್ ವಿದ್ಯಾರ್ಥಿಯ ಮಾತು ಆಮೇಲೆ. ನಾನು ಅರ್ಥಶಾಸ್ತ್ರ ಪಾಠ ಮಾಡುವವನಾದ್ದರಿಂದ ಉದಾಹರಣೆಗಳು ಹೆಚ್ಚಾಗಿ ಆ ಕಡೆಯವು; ಬೇರೆ ವಿಷಯದವರು ತಮ್ಮ ಪಾಠಕ್ಕೆ ಹೊಂದಿಸಿಕೊಳ್ಳಬಹುದು.

ಪಾಠಕ್ಕೆ ಮೊದಲು ಪ್ರಶ್ನೆ ಬರೆಯಿರಿ

ಕೆಲಸಕ್ಕೆ ಸೇರಿದ ಮೊದಲ ಮೂರು ವರ್ಷ ನಾನು ನೋಟ್ಸ್ ಬರೆಸುತ್ತಿದ್ದೆ. ವಿದ್ಯಾರ್ಥಿಗಳಿಗೂ ಅದೇ ಬೇಕಿತ್ತು, ಫಲಿತಾಂಶವೂ ಚೆನ್ನಾಗಿತ್ತು. ಒಂದು ಸಲ ಇಂಟರ್ನಲ್ ಪರೀಕ್ಷೆಯ ಬ್ಲೂಬುಕ್‌ಗಳನ್ನು ತಿದ್ದುವಾಗ ನನ್ನವೇ ವಾಕ್ಯಗಳು, ನಾನು ಬಾಯಿತಪ್ಪಿ ಹೇಳಿದ್ದ ಒಂದು ತಪ್ಪು ಇಸವಿಯ ಸಮೇತ, ನಲವತ್ತಕ್ಕೂ ಹೆಚ್ಚು ಪುಸ್ತಕಗಳಲ್ಲಿ ಸಾಲಾಗಿ ಕಂಡವು. ಆ ಇಸವಿಗೆ ಅಂಕ ಕಳೆಯುವುದೋ ಬಿಡುವುದೋ ಎಂದು ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದೆ. ಕೊನೆಗೆ ಬಿಟ್ಟೆ, ತಪ್ಪು ನನ್ನದು.

ಅಂದಿನಿಂದ ರೂಢಿಸಿಕೊಂಡ ಕ್ರಮವಿದು. ಸೆಮಿಸ್ಟರ್ ಆರಂಭವಾಗುವ ಮೊದಲೇ, ಪಠ್ಯಕ್ರಮದ ಪ್ರತಿ ಘಟಕಕ್ಕೂ ಒಂದೊಂದು ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಬೇಕು. ಆ ಪ್ರಶ್ನೆಯ ಉತ್ತರ ಯಾವ ಗೈಡಿನಲ್ಲಿಯೂ ನೇರವಾಗಿ ಸಿಗಬಾರದು, ಆದರೆ ಪಾಠವನ್ನು ಅರ್ಥಮಾಡಿಕೊಂಡವರು ಒಂದು ಪುಟದಲ್ಲಿ ಬರೆಯುವಂತಿರಬೇಕು. ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದರ ಅಳತೆಗೆ ಬೇಡಿಕೆಯ ಸ್ಥಿತಿಸ್ಥಾಪಕತ್ವ ಎನ್ನುತ್ತೇವೆ. ‘ಬೇಡಿಕೆಯ ಸ್ಥಿತಿಸ್ಥಾಪಕತ್ವ ಎಂದರೇನು? ವಿವರಿಸಿ’ ಎಂಬುದು ವಿಶ್ವವಿದ್ಯಾಲಯದ ಪ್ರಶ್ನೆ. ‘ಫಸಲು ಚೆನ್ನಾಗಿ ಬಂದ ವರ್ಷವೇ ಈರುಳ್ಳಿ ಬೆಳೆಗಾರನ ಒಟ್ಟು ಆದಾಯ ಏಕೆ ಕುಸಿಯಬಹುದು?’ ಎಂಬುದು ನಮ್ಮ ಪ್ರಶ್ನೆ. ಎರಡನೆಯದಕ್ಕೆ ಉತ್ತರಿಸಬಲ್ಲವರು ಮೊದಲನೆಯದನ್ನು ಹೇಗೂ ಬರೆಯುತ್ತಾರೆ, ಮೊದಲನೆಯದನ್ನು ಬಾಯಿಪಾಠ ಮಾಡಿದವರಿಗೆ ಎರಡನೆಯದು ಬರಬೇಕೆಂದಿಲ್ಲ. ಪ್ರಶ್ನೆ ಕಣ್ಣ ಮುಂದಿದ್ದರೆ ಪಾಠದಲ್ಲಿ ಯಾವುದನ್ನು ನಿಧಾನವಾಗಿ ಹೇಳಬೇಕು, ಯಾವುದನ್ನು ಪಠ್ಯಪುಸ್ತಕಕ್ಕೆ ಬಿಡಬಹುದು ಎಂಬುದು ತಾನಾಗಿ ತಿಳಿಯುತ್ತದೆ. ಪಠ್ಯಕ್ರಮ ಮುಗಿಯುವುದಿಲ್ಲ ಎಂಬ ನಮ್ಮೆಲ್ಲರ ಗೋಳಿಗೆ ನನಗೆ ತಿಳಿದ ಮದ್ದು ಇದೊಂದೇ.

ಒಂದು ಗಂಟೆಯ ಒಳಗೆ

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ಎರಿಕ್ ಮಝೂರ್ 1990ರ ಸುಮಾರಿಗೆ ಒಂದು ವಿಚಿತ್ರವನ್ನು ಕಂಡರು. ಅವರ ವಿದ್ಯಾರ್ಥಿಗಳು ವಿದ್ಯುನ್ಮಂಡಲದ ಕಠಿಣ ಲೆಕ್ಕಗಳನ್ನು ಸಲೀಸಾಗಿ ಬಿಡಿಸುತ್ತಿದ್ದರು, ಆದರೆ ಅದೇ ತತ್ತ್ವದ ಮೇಲೆ ಲೆಕ್ಕವಿಲ್ಲದ ಸರಳ ಪ್ರಶ್ನೆ ಕೇಳಿದರೆ ಎಡವುತ್ತಿದ್ದರು. ಬಲದ ಪರಿಕಲ್ಪನೆಯ ಪರೀಕ್ಷೆಯೊಂದರ ವೇಳೆ ವಿದ್ಯಾರ್ಥಿನಿಯೊಬ್ಬಳು, ನೀವು ಕಲಿಸಿದಂತೆ ಬರೆಯಲೋ ಅಥವಾ ನಾನು ಯೋಚಿಸುವಂತೆ ಬರೆಯಲೋ ಎಂದು ಕೇಳಿದಳಂತೆ. ಆಮೇಲೆ ಮಝೂರ್ ಉಪನ್ಯಾಸವನ್ನು ಸಣ್ಣ ತುಂಡುಗಳಾಗಿ ಒಡೆದು, ನಡುವೆ ಒಂದೊಂದು ಪ್ರಶ್ನೆ ಇಟ್ಟು, ವಿದ್ಯಾರ್ಥಿಗಳು ಪಕ್ಕದವರೊಡನೆ ವಾದಿಸುವಂತೆ ಮಾಡುವ ಕ್ರಮವನ್ನು ರೂಪಿಸಿದರು. ಇದಕ್ಕೆ ಯಂತ್ರ ಬೇಕಿಲ್ಲ, ಸ್ಮಾರ್ಟ್ ಬೋರ್ಡ್ ಬೇಕಿಲ್ಲ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ, ಫ್ಯಾನು ಕಿರಗುಟ್ಟುವ ಕೊಠಡಿಯಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದನ್ನು ಹಣದುಬ್ಬರದ ಪಾಠವೊಂದರಿಂದ ತೋರಿಸುತ್ತೇನೆ.

ಮೊದಲ ಹದಿನೈದು ನಿಮಿಷ ಬೆಲೆ ಸೂಚ್ಯಂಕ ಎಂದರೇನು ಎಂಬ ವಿವರಣೆ. ಬಳಿಕ ಕರಿಹಲಗೆಯ ಮೇಲೆ ಈ ಪ್ರಶ್ನೆ: ‘ಕಳೆದ ವರ್ಷ ಹಣದುಬ್ಬರ ಶೇ 7 ಇತ್ತು, ಈ ವರ್ಷ ಶೇ 4ಕ್ಕೆ ಇಳಿದಿದೆ. ಹಾಗಾದರೆ ಈ ವರ್ಷ ಬೆಲೆಗಳು, ಒಂದು, ಇಳಿದಿವೆ, ಎರಡು, ಮೊದಲಿನಷ್ಟೇ ಇವೆ, ಮೂರು, ಏರಿವೆ.’ ಎರಡು ನಿಮಿಷ ಯಾರೂ ಮಾತನಾಡುವಂತಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ, ಪಕ್ಕದವರಿಗೆ ಕಾಣದಂತೆ ಎದೆಯ ಹತ್ತಿರ ಒಂದು, ಎರಡು ಅಥವಾ ಮೂರು ಬೆರಳು ತೋರಿಸಬೇಕು. ಕೈ ಎತ್ತಲು ಹೇಳಿದರೆ ಮುಂದಿನ ಸಾಲಿನ ಜಾಣರನ್ನು ನೋಡಿ ಉಳಿದವರು ಎತ್ತುತ್ತಾರೆ. ಎದೆಯ ಹತ್ತಿರದ ಬೆರಳಿಗೆ ಆ ತೊಂದರೆಯಿಲ್ಲ.

ನಾನು ಈ ಪ್ರಶ್ನೆ ಕೇಳಿದಾಗಲೆಲ್ಲ ಒಂದು ಬೆರಳು ತೋರಿಸಿದವರು ಬಹಳ. ಅದಕ್ಕೆ ಕಾರಣ ನಮ್ಮ ಭಾಷೆಯಲ್ಲೂ ಇದೆ. ಪತ್ರಿಕೆಗಳಲ್ಲಿ ‘ಹಣದುಬ್ಬರ ಇಳಿಕೆ’ ಎಂಬ ತಲೆಬರಹ ಓದಿದವರಿಗೆ ಬೆಲೆಯೇ ಇಳಿದಂತೆ ಕೇಳಿಸುತ್ತದೆ. ಸರಿ ಉತ್ತರ ಯಾವುದೆಂದು ಈಗಲೇ ಹೇಳಬಾರದು. ಮೂರು ನಿಮಿಷ ಪಕ್ಕದವರಿಗೆ ಒಪ್ಪಿಸಿ ಎಂದು ಬಿಡಬೇಕು. ಕೊಠಡಿ ಗದ್ದಲವಾಗುತ್ತದೆ, ಕಾರಿಡಾರಿನಲ್ಲಿ ಹೋಗುವ ಪ್ರಾಂಶುಪಾಲರು ಒಮ್ಮೆ ಇಣುಕಿ ನೋಡಿದರೂ ನೋಡಬಹುದು. ‘ಹಂಗಾದ್ರೆ ಅಡುಗೆ ಎಣ್ಣೆ ರೇಟು ಕಮ್ಮಿ ಆಗಬೇಕಿತ್ತಲ್ಲೋ, ಎಲ್ಲಿ ಆಯ್ತು?’ ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂದರೆ ಪಾಠ ದಾರಿಗೆ ಬಂತೆಂದು ತಿಳಿಯಬಹುದು. ಎರಡನೆಯ ಸಲ ಬೆರಳು ತೋರಿಸಿದಾಗ ಮೂರರ ಕಡೆಗೆ ತಿರುಗಿದವರು ಎದ್ದು ಕಾಣುತ್ತಾರೆ. ಆಗ ಹಲಗೆಯ ಮೇಲೆ ಲೆಕ್ಕ: 100 ರೂಪಾಯಿಯ ಸಾಮಾನು ಮೊದಲ ವರ್ಷ 107 ರೂಪಾಯಿ, ಎರಡನೆಯ ವರ್ಷ 111 ರೂಪಾಯಿ 28 ಪೈಸೆ. ಏರಿಕೆಯ ವೇಗ ತಗ್ಗಿದೆ, ಬೆಲೆ ಏರುತ್ತಲೇ ಇದೆ.

ಇದರಲ್ಲಿ ಎರಡು ಸೂಕ್ಷ್ಮಗಳಿವೆ. ಮೊದಲ ಸಲವೇ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಮಂದಿ ಸರಿಯುತ್ತರ ಕೊಟ್ಟರೆ ಚರ್ಚೆ ಬೇಡ, ಮುಂದಕ್ಕೆ ಹೋಗಬಹುದು. ಮೂವರಿಗಿಂತ ಕಡಿಮೆ ಇದ್ದರೆ ವಾದಿಸಲು ಅವರ ಹತ್ತಿರ ಸರಕೇ ಇಲ್ಲ, ಮತ್ತೊಮ್ಮೆ ವಿವರಿಸಬೇಕು. ಚರ್ಚೆ ಫಲಿಸುವುದು ಇವೆರಡರ ನಡುವೆ. ಇನ್ನೊಂದು, ಪ್ರಶ್ನೆ ಕೇಳಿದ ಮೇಲೆ ಕಾಯುವುದು. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಶಾಲೆಗಳ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿ, ಅಧ್ಯಾಪಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂದು ತೋರಿಸಿದರು. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಮೂರು ಸೆಕೆಂಡು ಎಂದರೆ ಏನು ಮಹಾ ಎನಿಸುತ್ತದೆ, ತರಗತಿಯ ಮುಂದೆ ನಿಂತು ಮನಸ್ಸಿನಲ್ಲೇ ಎಣಿಸಿದಾಗ ಅದು ಎಷ್ಟು ದೀರ್ಘವೆಂದು ಗೊತ್ತಾಗುತ್ತದೆ.

ಭಾಷೆಯ ವಿಷಯದಲ್ಲಿ ಒಂದು ಮಾತು. ಪಿಯುಸಿವರೆಗೆ ಕನ್ನಡದಲ್ಲಿ ಓದಿ ಇಂಗ್ಲಿಷ್ ಮಾಧ್ಯಮಕ್ಕೆ ಬಂದವರಿಗೆ ಪಕ್ಕದವರೊಡನೆ ಕನ್ನಡದಲ್ಲೇ ವಾದಿಸಲು ಬಿಡಿ. ಆಲೋಚನೆ ಗಟ್ಟಿಯಾದ ಮೇಲೆ ಇಂಗ್ಲಿಷಿನ ನಾಲ್ಕು ವಾಕ್ಯಗಳನ್ನು ಕೂಡಿಸುವುದು ಕಷ್ಟವಲ್ಲ. ಆಲೋಚನೆಯೇ ಇಲ್ಲದ ಇಂಗ್ಲಿಷ್ ವಾಕ್ಯಗಳನ್ನು ನಾವು ಬ್ಲೂಬುಕ್‌ಗಳಲ್ಲಿ ಬೇಕಾದಷ್ಟು ನೋಡಿದ್ದೇವೆ.

ತರಗತಿಯ ಕೊನೆಯ ಐದು ನಿಮಿಷ ಪುಸ್ತಕ ಮುಚ್ಚಿಸಿ, ಇಂದು ತಿಳಿದದ್ದೇನು, ತಿಳಿಯದೆ ಉಳಿದದ್ದೇನು ಎಂದು ಅರ್ಧ ಹಾಳೆಯಲ್ಲಿ ಹೆಸರಿಲ್ಲದೆ ಬರೆಸಿಕೊಳ್ಳಿ. ಓದಿದ್ದನ್ನೇ ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ಬರೆದು ನೋಡುವುದು ಒಂದು ವಾರದ ನಂತರ ಹೆಚ್ಚು ಉಳಿಯುತ್ತದೆ ಎಂಬುದನ್ನು ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದಾರೆ. ಆ ಹಾಳೆಗಳನ್ನು ಸಿಬ್ಬಂದಿ ಕೊಠಡಿಯಲ್ಲಿ ಚಹಾ ಕುಡಿಯುತ್ತ ತಿರುವಿ ಹಾಕಿದರೆ ಸಾಕು, ನಾಳೆಯ ತರಗತಿ ಎಲ್ಲಿಂದ ಆರಂಭವಾಗಬೇಕೆಂದು ಗೊತ್ತಾಗುತ್ತದೆ.

ಆನರ್ಸ್‌ಗೆ ಯಾರು

ವಿಶ್ವವಿದ್ಯಾಲಯ ಅನುದಾನ ಆಯೋಗ 2022ರ ಡಿಸೆಂಬರಿನಲ್ಲಿ ಹೊರಡಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ 120 ಕ್ರೆಡಿಟ್ (ಕಲಿಕೆಯ ಹೊರೆಯನ್ನು ಅಳೆಯುವ ಮಾನ), ನಾಲ್ಕು ವರ್ಷದ ಆನರ್ಸ್‌ಗೆ 160. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ಅಥವಾ ಹೆಚ್ಚು ಅಂಕ ಪಡೆದವರು ಸಂಶೋಧನೆಯೊಡನೆ ಆನರ್ಸ್ ಆರಿಸಿಕೊಳ್ಳಬಹುದು; ಅವರ ಸಂಶೋಧನಾ ಪ್ರಬಂಧಕ್ಕೆ 12 ಕ್ರೆಡಿಟ್. ಈ ಗೆರೆಯನ್ನು ದಾಟಿ ನಾವು ಯಾರನ್ನೂ ಸೇರಿಸಿಕೊಳ್ಳಲಾಗದು. ಆದರೆ 75 ಬಂದವರಲ್ಲಿ ಯಾರಿಗೆ ಸಂಶೋಧನೆ ಒಗ್ಗುತ್ತದೆ ಎಂಬುದನ್ನು ಅಂಕಪಟ್ಟಿ ಹೇಳುವುದಿಲ್ಲ. ಬಾಯಿಪಾಠದಿಂದ 85 ತೆಗೆದವರು ಪ್ರಬಂಧದ ಮುಂದೆ ಕಂಗಾಲಾಗಿದ್ದನ್ನೂ, 76ರ ಅಂಚಿನಲ್ಲಿದ್ದವರು ಅರಳಿದ್ದನ್ನೂ ನಾನು ನೋಡಿದ್ದೇನೆ.

ನಾಲ್ಕನೆಯ ಸೆಮಿಸ್ಟರಿನಲ್ಲಿಯೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಜನಗಣತಿಯ ಒಂದು ಕೋಷ್ಟಕವನ್ನೋ, ಎಪಿಎಂಸಿಯ ಒಂದು ತಿಂಗಳ ಆವಕ ಮತ್ತು ಧಾರಣೆಯ ಪಟ್ಟಿಯನ್ನೋ ಕೊಟ್ಟು, ‘ಈ ಪಟ್ಟಿಯಿಂದ ಉತ್ತರ ಸಿಗುವ ಎರಡು ಪ್ರಶ್ನೆ ಬರೆಯಿರಿ, ಉತ್ತರ ಸಿಗದ ಎರಡು ಪ್ರಶ್ನೆ ಬರೆಯಿರಿ’ ಎಂದು ಕೇಳಿ. ಎರಡನೆಯ ಭಾಗವನ್ನು ಬರೆಯಲು ಪಟ್ಟಿಯ ಆಚೆ ನೋಡಬೇಕಾಗುತ್ತದೆ. ‘ಧಾರಣೆ ಇಳಿದ ದಿನ ಮಾಲನ್ನು ವಾಪಸ್ ಕೊಂಡೊಯ್ದವರು ಎಷ್ಟು ಮಂದಿ?’ ಎಂದು ಬರೆದವರ ಹೆಸರನ್ನು ಗುರುತು ಹಾಕಿಟ್ಟುಕೊಳ್ಳಿ. ಅವರ ಅಂಕ 75ಕ್ಕೆ ಕಡಿಮೆಯಿದ್ದರೆ ಅದನ್ನು ಮೇಲೆತ್ತಲು ಇನ್ನೂ ಎರಡು ಸೆಮಿಸ್ಟರ್ ಕೈಯಲ್ಲಿರುತ್ತವೆ.

ಪ್ರಶ್ನೆಯನ್ನು ಚಿಕ್ಕದು ಮಾಡುವುದು

ಆನರ್ಸ್ ಮಾರ್ಗದರ್ಶನದಲ್ಲಿ ಅತಿ ಕಷ್ಟದ ಕೆಲಸ ಇದೇ. ಉಳಿದದ್ದು ಇದರ ಹಿಂದೆ ಬರುತ್ತದೆ. ವಿದ್ಯಾರ್ಥಿಗಳು ತರುವ ಮೊದಲ ಶೀರ್ಷಿಕೆ ಸಾಮಾನ್ಯವಾಗಿ ‘ಗ್ರಾಮೀಣ ಮಹಿಳೆಯರ ಸಬಲೀಕರಣ: ಒಂದು ಅಧ್ಯಯನ’ ಎಂಬ ಮಾದರಿಯದು. ಇಂಥ ಶೀರ್ಷಿಕೆಯ ಮೇಲೆ ಪುಸ್ತಕಗಳಿಂದ ಎತ್ತಿ ಎಂಬತ್ತು ಪುಟ ತುಂಬಿಸಬಹುದು, ಹೊಸದಾಗಿ ಒಂದು ಸಾಲು ತಿಳಿಯುವುದಿಲ್ಲ. ಅದನ್ನು ತಿರಸ್ಕರಿಸದೆ ಕೇಳುತ್ತ ಹೋಗಬೇಕು. ಒಮ್ಮೆ ನಡೆದ ಮಾತುಕತೆ ಹೀಗಿತ್ತು:

‘ಸಬಲೀಕರಣ ಆಗಿದೆ ಅಂತ ನಿನಗೆ ಹೇಗೆ ಗೊತ್ತಾಗುತ್ತಮ್ಮ?’

‘ಸಂಘದಿಂದ ಸಾಲ ಸಿಗ್ತದಲ್ಲ ಸರ್.’

‘ನಿಮ್ಮೂರಲ್ಲಿ ಸಂಘ ಇದೆಯಾ?’

‘ನಮ್ಮಮ್ಮನೇ ಇದ್ದಾರೆ ಸರ್ ಅದರಲ್ಲಿ.’

‘ಅಮ್ಮ ಸಾಲ ತಗೊಂಡಿದ್ದು ಯಾತಕ್ಕೆ?’

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅರ್ಜಿಯಲ್ಲಿ ಹಸು ಅಂತ ಇದೆ ಸರ್. ಖರ್ಚಾಗಿದ್ದು ನನ್ನ ಫೀಸಿಗೆ’ ಎಂದಳು.

ಪ್ರಬಂಧ ಅಲ್ಲಿ ಹುಟ್ಟಿತು. ಊರಿನ ಎರಡು ಸ್ವಸಹಾಯ ಸಂಘಗಳಲ್ಲಿ ಎರಡು ವರ್ಷಗಳ ಅವಧಿಯಲ್ಲಿ ಕೊಟ್ಟ ಸಾಲಗಳ ಉದ್ದೇಶ ನಡಾವಳಿ ಪುಸ್ತಕದಲ್ಲಿ ಏನೆಂದು ದಾಖಲಾಗಿದೆ, ಹಣ ನಿಜವಾಗಿ ಯಾವುದಕ್ಕೆ ಖರ್ಚಾಯಿತು, ಎರಡರ ನಡುವಿನ ಅಂತರ ಮರುಪಾವತಿಯ ಮೇಲೆ ಪರಿಣಾಮ ಬೀರಿತೇ ಎಂಬುದು ಪ್ರಶ್ನೆಯಾಯಿತು. ಸ್ಥಳ, ಕಾಲ, ದಾಖಲೆ ಮೂರೂ ಗೊತ್ತಾದ ಪ್ರಶ್ನೆ ಒಂದು ವರ್ಷದಲ್ಲಿ ಮುಗಿಯುತ್ತದೆ. ಜೊತೆಗೆ ಸಂಘದ ಸದಸ್ಯೆಯರ ಒಪ್ಪಿಗೆ ಪಡೆಯುವುದು, ಪ್ರಬಂಧದಲ್ಲಿ ಅವರ ಹೆಸರನ್ನಾಗಲೀ ಊರಿನ ಹೆಸರನ್ನಾಗಲೀ ಬರೆಯದಿರುವುದು ಏಕೆ ಅಗತ್ಯ ಎಂಬುದನ್ನೂ ಆಕೆ ಕಲಿತಳು. ತನ್ನ ತಾಯಿಯ ಸಾಲವೇ ಪಟ್ಟಿಯಲ್ಲಿದ್ದಾಗ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಬೇರೆ ವಿಷಯಗಳಿಗೂ ಕಾಲೇಜಿನ ಸುತ್ತ ಸಾಮಗ್ರಿಯಿದೆ. ಇತಿಹಾಸದವರು ಬಿ.ಎಲ್. ರೈಸ್ ಕಾಲದಿಂದ ಬಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ತಮ್ಮ ತಾಲ್ಲೂಕಿನ ಶಾಸನಗಳನ್ನು ಗುರುತಿಸಿ, ಅವು ಇಂದು ಯಾವ ಸ್ಥಿತಿಯಲ್ಲಿವೆ ಎಂದು ಹೋಗಿ ನೋಡಬಹುದು. ಭೂಗೋಳದವರಿಗೆ ಮಳೆಯ ದಾಖಲೆಗಳಿವೆ, ಸಸ್ಯಶಾಸ್ತ್ರದವರಿಗೆ ಕೆರೆಯ ಏರಿ ಮತ್ತು ದೇವರಕಾಡುಗಳಿವೆ. ಕನ್ನಡ ವಿಭಾಗದವರು ತಮ್ಮ ಅಜ್ಜಿಯ ಬಾಯಲ್ಲಿರುವ ಸೋಬಾನೆ ಪದವನ್ನು ಅಚ್ಚಾದ ಸಂಗ್ರಹದ ಪಾಠದೊಡನೆ ಹೋಲಿಸಬಹುದು. ಹಿಂದಿನವರು ಏನು ಮಾಡಿದ್ದಾರೆಂದು ತಿಳಿಯಲು ಶೋಧಗಂಗಾದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಉಚಿತವಾಗಿ ಸಿಗುತ್ತವೆ.

ವಾರಕ್ಕೆ ಅರ್ಧ ಗಂಟೆ

ಮಾರ್ಗದರ್ಶನಕ್ಕೆ ಕಾರ್ಯಭಾರದಲ್ಲಿ ಲೆಕ್ಕ ಸಿಗುವುದು ಕಡಿಮೆ, ಅತಿಥಿ ಉಪನ್ಯಾಸಕರಿಗಂತೂ ಅದಕ್ಕೆ ಕಾಸೂ ಹುಟ್ಟುವುದಿಲ್ಲ. ಆದ್ದರಿಂದ ಸಮಯವನ್ನು ಬಿಗಿಯಾಗಿ ಬಳಸಬೇಕು. ಒಬ್ಬೊಬ್ಬರಿಗೆ ವಾರಕ್ಕೆ ಅರ್ಧ ಗಂಟೆ, ನಿಗದಿತ ದಿನ, ನಿಗದಿತ ಹೊತ್ತು. ಬರುವಾಗ ಏನಾದರೂ ಬರೆದ ಒಂದು ಪುಟ ಕೈಯಲ್ಲಿರಲೇಬೇಕು. ಬರಿಗೈಯಲ್ಲಿ ಬಂದವರೊಡನೆ ಕುಳಿತು ಆ ಪುಟವನ್ನು ಅಲ್ಲಿಯೇ ಬರೆಸಿರಿ; ಬೈದು ಕಳುಹಿಸಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಅಂದು ಏನು ತೀರ್ಮಾನವಾಯಿತು ಎಂಬುದನ್ನು ವಿದ್ಯಾರ್ಥಿಯೇ ಎರಡು ಸಾಲಿನಲ್ಲಿ ಬರೆದು ದಿನಾಂಕ ಹಾಕಲಿ.

ನಕಲಿನ ಸಮಸ್ಯೆಗೆ ಈ ನೋಟ್‌ಬುಕ್ಕಿಗಿಂತ ಒಳ್ಳೆಯ ತಡೆ ನನಗೆ ಸಿಕ್ಕಿಲ್ಲ. ಆಯೋಗದ 2018ರ ನಿಯಮಾವಳಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲವೆನ್ನುತ್ತದೆ, ತಂತ್ರಾಂಶ ಆ ಅಂಕಿಯನ್ನು ಎಣಿಸಿ ಕೊಡುತ್ತದೆ. ಆದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿಕೊಂಡ ಪುಟವನ್ನೋ, ಚಾಟ್‌ಜಿಪಿಟಿ ಬರೆದುಕೊಟ್ಟ ಅಧ್ಯಾಯವನ್ನೋ ಅದು ಹಿಡಿಯುತ್ತದೆ ಎಂಬ ಭರವಸೆಯಿಲ್ಲ. ವಾರವಾರ ಬೆಳೆದ ಬರಹಕ್ಕೂ ಕೊನೆಯ ವಾರ ಒಮ್ಮೆಗೇ ಬಂದು ಕುಳಿತ ಬರಹಕ್ಕೂ ಇರುವ ವ್ಯತ್ಯಾಸ ನೋಟ್‌ಬುಕ್ಕಿನಲ್ಲಿ ಕಾಣುತ್ತದೆ. ಅನುಮಾನ ಬಂದರೆ ಪ್ರಬಂಧದ ಒಂದು ಪ್ಯಾರಾವನ್ನು ಎದುರಿಗಿಟ್ಟು, ಇದನ್ನೇ ನಿನ್ನ ಮಾತಿನಲ್ಲಿ ಹೇಳು ಎಂದರೆ ಸಾಕು.

ಕರಡನ್ನು ತಿದ್ದುವಾಗ ಪ್ರತಿ ಕಾಗುಣಿತದ ತಪ್ಪಿಗೂ ಗುರುತು ಹಾಕಬೇಡಿ. ಒಂದು ಸುತ್ತಿಗೆ ಎರಡೇ ಟಿಪ್ಪಣಿ: ಒಂದು ವಾದದ ಬಗ್ಗೆ, ಇನ್ನೊಂದು ಆಧಾರದ ಬಗ್ಗೆ. ಪುಟವೆಲ್ಲ ಕೆಂಪಾದರೆ ಓದುವ ಮನಸ್ಸೇ ಆಗುವುದಿಲ್ಲ, ಕಾಗುಣಿತ ಕೊನೆಯ ಕರಡಿಗೆ ಕಾಯಬಲ್ಲದು.

ಹೊರಗಿನವರ ಮುಂದೆ

ಅಮೆರಿಕದ ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಎಂಬ ಸಣ್ಣ ಕಾಲೇಜಿನಲ್ಲಿ, ಆಕ್ಸ್‌ಫರ್ಡಿನಲ್ಲಿ ಓದಿ ಬಂದಿದ್ದ ಅಧ್ಯಕ್ಷ ಫ್ರಾಂಕ್ ಐಡೆಲಾಟ್ 1922ರಲ್ಲಿ ಆನರ್ಸ್ ಆರಂಭಿಸಿದಾಗ ಒಂದು ಜಾಣತನದ ನಿಯಮ ತಂದರು: ಕಲಿಸಿದವರು ಪರೀಕ್ಷಿಸುವಂತಿಲ್ಲ, ಬೇರೆ ಸಂಸ್ಥೆಯ ವಿದ್ವಾಂಸರು ಬಂದು ಪರೀಕ್ಷಿಸಬೇಕು. ಆ ಪದ್ಧತಿ ಅಲ್ಲಿ ಇಂದಿಗೂ ಉಳಿದಿದೆ. ಇದರಿಂದ ಅಧ್ಯಾಪಕ ಮತ್ತು ವಿದ್ಯಾರ್ಥಿಯ ಸಂಬಂಧವೇ ಬದಲಾಗುತ್ತದೆ. ಅಂಕ ನಮ್ಮ ಕೈಯಲ್ಲಿಲ್ಲದಿದ್ದಾಗ ವಿದ್ಯಾರ್ಥಿ ನಮ್ಮನ್ನು ಮೆಚ್ಚಿಸುವ ಕಾರಣವಿರುವುದಿಲ್ಲ. ಇಬ್ಬರೂ ಸೇರಿ ಮೂರನೆಯವರ ಪ್ರಶ್ನೆಗೆ ಸಿದ್ಧರಾಗುತ್ತೇವೆ.

ನಮ್ಮಲ್ಲಿ ವೈವಾಕ್ಕೆ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆಗೆ, ಬರುವ ಬಾಹ್ಯ ಪರೀಕ್ಷಕರು ಪ್ರಬಂಧವನ್ನು ಅಂದೇ ಬೆಳಿಗ್ಗೆ ಕೈಗೆತ್ತಿಕೊಂಡು, ಊಟದ ಹೊತ್ತಿಗೆ ಹನ್ನೆರಡು ಮಂದಿಯನ್ನು ಮುಗಿಸುವುದುಂಟು. ಅದನ್ನು ನಾವು ಬದಲಾಯಿಸಲಾರೆವು, ಆದರೆ ಅದಕ್ಕೆ ಒಂದು ತಿಂಗಳ ಮೊದಲು ಅಣಕು ವೈವಾ ನಡೆಸಬಹುದು. ಪಕ್ಕದ ಊರಿನ ಕಾಲೇಜಿನ ಸಹೋದ್ಯೋಗಿಯೊಬ್ಬರೊಡನೆ ಮಾತಾಡಿಕೊಂಡು, ಅವರ ವಿದ್ಯಾರ್ಥಿಗಳ ಪ್ರಬಂಧಗಳನ್ನು ನೀವು ಓದಿ, ನಿಮ್ಮವರದನ್ನು ಅವರು ಓದಲಿ. ಕನಿಷ್ಠ ಒಬ್ಬ ಪ್ರಶ್ನಕಾರರು ಬೇರೆ ವಿಷಯದವರಾಗಿರಲಿ. ಸ್ವಸಹಾಯ ಸಂಘದ ಪ್ರಬಂಧಕ್ಕೆ ನಾವು ಗಣಿತ ವಿಭಾಗದ ಮೇಡಂ ಒಬ್ಬರನ್ನು ಕರೆದಿದ್ದೆವು. ‘ಹಣ ಬೇರೆ ಕಡೆ ಖರ್ಚಾಯಿತೆಂದು ಅವರು ನಿನಗೆ ನಿಜ ಹೇಳಿದ್ದಾರೆ ಎಂಬುದಕ್ಕೆ ಆಧಾರವೇನು?’ ಎಂದು ಅವರು ಕೇಳಿದ ಪ್ರಶ್ನೆ ಅಷ್ಟು ತಿಂಗಳಲ್ಲಿ ನನಗೂ ಹೊಳೆದಿರಲಿಲ್ಲ. ಅದಕ್ಕೆ ಉತ್ತರವಾಗಿ ಆಕೆ ಮತ್ತೆ ಊರಿಗೆ ಹೋಗಿ, ಸಿಕ್ಕಷ್ಟು ರಸೀದಿಗಳನ್ನು ನೋಡಿ, ಆರು ಪುಟದ ಹೊಸ ಅಧ್ಯಾಯ ಸೇರಿಸಿದಳು.

ಅಣಕು ವೈವಾದಲ್ಲಿ ಬಂದ ಪ್ರಶ್ನೆಗಳನ್ನೆಲ್ಲ ಒಬ್ಬ ವಿದ್ಯಾರ್ಥಿ ಬರೆದುಕೊಳ್ಳಲಿ. ಆ ಪಟ್ಟಿಯನ್ನು ವಿಭಾಗದ ಬೀರುವಿನಲ್ಲಿಟ್ಟು, ಮುಂದಿನ ವರ್ಷದ ತಂಡ ವಿಷಯ ಆರಿಸಲು ಬಂದ ಮೊದಲ ದಿನವೇ ಅವರ ಕೈಗೆ ಕೊಡಿ.